ಒಂದೇ ಕೋಣೆಯ ಫ್ಲ್ಯಾಟು: ಗೋಡೆ ನೋಡುವ ಮೊದಲು ಸಂಘದ ದಫ್ತರ ನೋಡಿ

[ದೃಶ್ಯ: ಹುಬ್ಬಳ್ಳಿಯ ವಿದ್ಯಾನಗರ, ಸಂಜೆ ಹೊತ್ತು. ಚಿಗರಿ ಬಸ್ಸು, ಕಾಲೇಜಿನಿಂದ ಹೊರಬರುವ ವಿದ್ಯಾರ್ಥಿಗಳು, ಗಿರ್ಮಿಟ್ ಗಾಡಿ.]

ನಮಸ್ಕಾರ. ವಿದ್ಯಾನಗರದಂಥ ಗಿಜಿಗುಡುವ ಬಡಾವಣೆಯಲ್ಲಿ ಒಂದೇ ಕೋಣೆಯ ಫ್ಲ್ಯಾಟು ಮಾರಾಟಕ್ಕಿದೆ ಎಂದುಕೊಳ್ಳಿ. ಅಡುಗೆ, ಓದು, ನಿದ್ದೆ ಎಲ್ಲವೂ ಅದೊಂದೇ ಕೋಣೆಯಲ್ಲಿ. ಬಚ್ಚಲು ಮಾತ್ರ ಬೇರೆ. ಕೆಳಗಿಳಿದರೆ ಬಸ್ಸು, ಆಸ್ಪತ್ರೆ, ಖಾನಾವಳಿ. ನೌಕರಿಗೆ ಬಂದ ಒಂಟಿ ಹೆಣ್ಣುಮಗಳಿಗೆ, ನಿವೃತ್ತರಾದ ಮಾಸ್ತರರಿಗೆ ಇಂಥ ಮನೆ ನಿಜಕ್ಕೂ ಬೇಕು. ಆದರೆ ಜಾಹೀರಾತಿನ ತುದಿಯಲ್ಲಿ ‘ಸಹಕಾರಿ ಗೃಹ ಸಂಘದ ಕಟ್ಟಡ’ ಎಂಬ ಸಾಲು ಇದ್ದರೆ, ಸಂಚಕಾರ ಕೊಡುವ ಮೊದಲು ಈ ವಿಡಿಯೋ ಪೂರ್ತಿ ನೋಡಿ.

ನಮ್ಮಲ್ಲಿ ಹೆಚ್ಚಿನ ಅಪಾರ್ಟ್‌ಮೆಂಟುಗಳಲ್ಲಿ ನಡೆಯುವುದು ಹೀಗೆ: ಫ್ಲ್ಯಾಟು ನಿಮ್ಮ ಹೆಸರಿಗೆ ಖರೀದಿ ಪತ್ರವಾಗುತ್ತದೆ, ಕೆಳಗಿನ ಜಾಗದಲ್ಲಿ ನಿಮಗೊಂದು ಅವಿಭಜಿತ ಪಾಲು ಬರುತ್ತದೆ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಹೇಳುವುದು ಇದನ್ನೇ. ಸಹಕಾರಿ ಕಟ್ಟಡದ ಮೂಲ ಮಾದರಿ ಬೇರೆ. ಅಲ್ಲಿ ಜಾಗವೂ ಕಟ್ಟಡವೂ ಸಂಘದ ಹೆಸರಿನಲ್ಲಿರುತ್ತವೆ. ನಿಮ್ಮ ಕೈಗೆ ಬರುವುದು ಸಂಘದ ಷೇರು, ಸದಸ್ಯತ್ವ, ಆ ಸದಸ್ಯತ್ವದ ಬಲದಿಂದ ಆ ಕೋಣೆಯಲ್ಲಿ ವಾಸಿಸುವ ಹಕ್ಕು. ನ್ಯೂಯಾರ್ಕಿನಲ್ಲಿ ಇಂಥ ಕಟ್ಟಡಗಳು ಬಹಳ. ಕೊಳ್ಳಲು ಬಂದವರನ್ನು ಕಟ್ಟಡದ ಆಡಳಿತ ಮಂಡಳಿ ಸಂದರ್ಶನ ಮಾಡಿ, ಒಪ್ಪಿದ ಮೇಲೆಯೇ ವ್ಯವಹಾರ ಮುಗಿಯುತ್ತದೆ.

[ದೃಶ್ಯ: ಕಣಗಿನಹಾಳದ ರಸ್ತೆ, ಊರಿನ ಫಲಕ.]

ಸಹಕಾರವನ್ನು ನಮ್ಮ ಸೀಮೆಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ, ಅಂದರೆ ದೇಶಕ್ಕೆ ಮೊದಲ ಸಹಕಾರಿ ಕಾಯ್ದೆ ಬಂದ ಮರುವರ್ಷವೇ. ಹತ್ತು ವರ್ಷಗಳ ನಂತರ, 1915ರಲ್ಲಿ, ಕೆನರಾ ಕಡೆಯಿಂದ ಮುಂಬಯಿಗೆ ಹೋಗಿದ್ದ ಸಾರಸ್ವತರು ಎಸ್.ಎಸ್. ತಲ್ಮಕಿ ಅವರ ಮುಂದಾಳತ್ವದಲ್ಲಿ ಗಾಮದೇವಿಯಲ್ಲಿ ತಮ್ಮದೇ ಗೃಹ ಸಂಘ ಸ್ಥಾಪಿಸಿದರು. ಆಗ ಧಾರವಾಡ ಜಿಲ್ಲೆಯೂ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಬಾಡಿಗೆ ಮನೆಯ ಬವಣೆಗೆ ಅವರು ಕಂಡುಕೊಂಡ ಉತ್ತರ ಸರಳವಾಗಿತ್ತು: ಯಾರೂ ಯಾರಿಗೂ ಮನೆಮಾಲೀಕರಲ್ಲ, ಎಲ್ಲರೂ ಸೇರಿ ಮಾಲೀಕರು. ಇಷ್ಟು ಒಳ್ಳೆಯ ಆಲೋಚನೆ ನಮ್ಮ ನಗರಗಳಲ್ಲಿ ಇನ್ನಷ್ಟು ಬೇರು ಬಿಡಬೇಕಿತ್ತು ಎಂಬುದು ನನ್ನ ಹಂಬಲ. ನಮ್ಮಲ್ಲಿ ಗೃಹ ನಿರ್ಮಾಣ ಸಹಕಾರ ಸಂಘಗಳು ಹೆಚ್ಚಾಗಿ ಜಮೀನು ಕೊಂಡು ನಿವೇಶನ ಹಂಚುವುದಕ್ಕೇ ನಿಂತುಬಿಟ್ಟವು.

ಎಲ್ಲರೂ ಮಾಲೀಕರು ಎಂದ ಮೇಲೆ ಎಲ್ಲರ ಒಪ್ಪಿಗೆಯೂ ಬೇಕಾಗುತ್ತದೆ. ಮಾರುವವರು ‘ಆಯಿತು’ ಎಂದರೆ ಸಾಲದು, ಆಡಳಿತ ಮಂಡಳಿ ನಿಮ್ಮನ್ನು ಸದಸ್ಯರನ್ನಾಗಿ ಸೇರಿಸಿಕೊಂಡು ಠರಾವು ಮಾಡಬೇಕು. ಯಾರನ್ನು ಸೇರಿಸಿಕೊಳ್ಳಬಹುದು ಎಂಬುದನ್ನು ಬೈಲಾ, ಅಂದರೆ ಸಂಘದ ಒಳನಿಯಮಗಳ ಪುಸ್ತಕ, ಹೇಳುತ್ತದೆ. ಅಹಮದಾಬಾದಿನ ಒಂದು ಪಾರ್ಸಿ ಗೃಹ ಸಂಘದ ಪ್ರಕರಣದಲ್ಲಿ, ಸದಸ್ಯತ್ವವನ್ನು ಪಾರ್ಸಿಗಳಿಗಷ್ಟೇ ಮೀಸಲಿಟ್ಟ ಬೈಲಾವನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿಯಿತು. ಆ ತೀರ್ಪು ನನಗೆ ಇಂದಿಗೂ ನೋವು ತರುತ್ತದೆ. ಜಾತಿ ಯಾವುದು, ಮದುವೆ ಆಗಿದೆಯೇ, ಏನು ತಿನ್ನುತ್ತೀರಿ ಎಂದು ಕೇಳಿ ಮನೆ ಹುಡುಕುವವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುವ ರೂಢಿ ನಮ್ಮ ಊರಲ್ಲೂ ಇದೆ. ಅದಕ್ಕೆ ಕಾನೂನಿನ ಆಸರೆ ಸಿಗಬಾರದು. ಆದರೆ ಕೊಳ್ಳುವವರು ಇರುವ ನಿಯಮವನ್ನು ಓದಿಯೇ ಹೆಜ್ಜೆ ಇಡಬೇಕು. ಆದ್ದರಿಂದ ಮೊದಲ ಭೇಟಿಯಲ್ಲೇ ಬೈಲಾದ ಪ್ರತಿ ಕೇಳಿ. ಬಾಡಿಗೆಗೆ ಕೊಡಲು, ಮುಂದೆ ಮಾರಲು ಏನು ನಿರ್ಬಂಧವಿದೆ, ವರ್ಗಾವಣೆ ಶುಲ್ಕ ಎಷ್ಟು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ.

[ದೃಶ್ಯ: ಮೇಜಿನ ಮೇಲೆ ಷೇರು ಪತ್ರ, ಉತಾರ, ಲೆಕ್ಕಪತ್ರ.]

ನಂತರ ಲೆಕ್ಕ. ಹಿಂದಿನ ವರ್ಷಗಳ ಲೆಕ್ಕಪರಿಶೋಧನಾ ವರದಿ, ಮಹಾಸಭೆಯ ನಡಾವಳಿ ತೆಗೆಸಿ ನೋಡಿ. ಸಂಘ ಸಾಲ ಮಾಡಿದ್ದರೆ ಅದರ ಭಾರ ನಿಮ್ಮ ಮೇಲೂ ಬೀಳುತ್ತದೆ. ಮಾರುವವರು ನಿರ್ವಹಣಾ ವೆಚ್ಚ ಉಳಿಸಿಕೊಂಡಿದ್ದರೆ, ಸಂಘ ಅದನ್ನು ಅವರ ಷೇರಿನಿಂದಲೇ ವಸೂಲು ಮಾಡಲು ಹೊರಡಬಹುದು. ಬಾಕಿ ಏನೂ ಇಲ್ಲ ಎಂದು ಸಂಘ ಕೊಡುವ ಬೇಬಾಕಿ ಪ್ರಮಾಣಪತ್ರ ಬರೆಸಿಕೊಳ್ಳದೆ ಹಣ ಕೊಡಬೇಡಿ. ಮನೆಸಾಲ ಬೇಕಿದ್ದರೆ ಬ್ಯಾಂಕಿಗೆ ಮೊದಲೇ ಹೋಗಿ ಕೇಳಿ. ಆಸ್ತಿ ಸಂಘದ ಹೆಸರಿನಲ್ಲಿದ್ದಾಗ ಬ್ಯಾಂಕು ಸಂಘದ ಒಪ್ಪಿಗೆ ಪತ್ರ ಕೇಳುತ್ತದೆ.

ಜಾಗದ ಮೂಲವನ್ನೂ ಬಿಡಬೇಡಿ. ಸಿಟಿ ಸರ್ವೆ ಕಚೇರಿಯ ಉತಾರದಲ್ಲಿ (ಆಸ್ತಿಯ ದಾಖಲೆಯಲ್ಲಿ) ಯಾರ ಹೆಸರಿದೆ, ಬೋಜಾ (ಸಾಲದ ಹೊರೆ) ಕೂಡಿದೆಯೇ ಎಂದು ನೋಡಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಯಿರಿ. ಪಾಲಿಕೆಯ ಇ-ಖಾತೆ ಇದೆಯೇ ಕೇಳಿ.

ಇನ್ನು ಕೋಣೆ. ಒಂದೇ ಕೋಣೆ ಎಂದಾಗ ಒಂದೊಂದು ಅಡಿಯೂ ಬೆಲೆಯುಳ್ಳದ್ದು. ‘ಸೂಪರ್ ಬಿಲ್ಟ್‌ಅಪ್’ ಲೆಕ್ಕದಲ್ಲಿ ಮೆಟ್ಟಿಲು, ಲಿಫ್ಟು, ಪಡಸಾಲೆಯ ಪಾಲೂ ಸೇರಿರುತ್ತದೆ. ಕಟ್ಟಡ, ನಿವೇಶನಗಳ ಮಾರಾಟಕ್ಕೆ ನಿಯಮ ಹಾಕಿದ 2016ರ ರೇರಾ ಕಾಯ್ದೆ ಹೇಳುವ ಕಾರ್ಪೆಟ್ ವಿಸ್ತೀರ್ಣ ಒಳಗಿನ ಬಳಕೆಯ ಜಾಗವಷ್ಟೇ. ಹೊರಗೋಡೆ, ಬಾಲ್ಕನಿ ಅದರಲ್ಲಿ ಬರುವುದಿಲ್ಲ. ಟೇಪು ಹಿಡಿದು ನೀವೇ ಅಳೆಯಿರಿ.

ನೀರಿನ ಮಾತು ಹುಬ್ಬಳ್ಳಿಯವರಿಗೆ ಹೊಸದಾಗಿ ಹೇಳಬೇಕಿಲ್ಲ. ನವಿಲುತೀರ್ಥದಿಂದ ಮಲಪ್ರಭೆಯ ನೀರು ಬಂದರೂ ಹಲವು ಬಡಾವಣೆಗಳ ನಲ್ಲಿಯಲ್ಲಿ ಅದು ಕೆಲವು ದಿನಗಳಿಗೊಮ್ಮೆ ಮಾತ್ರ ಹರಿಯುತ್ತದೆ. ಕಟ್ಟಡದ ಸಂಪು ಎಷ್ಟು ದೊಡ್ಡದು, ಬೋರ್‌ವೆಲ್ ಬೇಸಿಗೆಯಲ್ಲಿ ಬತ್ತುತ್ತದೆಯೇ, ಟ್ಯಾಂಕರ್ ಖರ್ಚನ್ನು ತಲೆಗೆ ಹಂಚುತ್ತಾರೋ ಮನೆಗೆ ಹಂಚುತ್ತಾರೋ ಕೇಳಿ. ಒಬ್ಬರೇ ಇರುವ ಮನೆಗೂ ಐದು ಜನರ ಮನೆಗೂ ಒಂದೇ ಪಟ್ಟಿ ಹಾಕುವ ಕಟ್ಟಡದಲ್ಲಿ ಚಿಕ್ಕ ಫ್ಲ್ಯಾಟಿನವರಿಗೆ ಪ್ರತಿ ತಿಂಗಳೂ ಅನ್ಯಾಯವಾಗುತ್ತದೆ.

ನಿಮ್ಮ ಹೆಸರಿಗೆ ಖರೀದಿ ಪತ್ರವೇ ಆಗುವುದಾದರೆ ಸಾಮಾನ್ಯವಾಗಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ನಗರದಲ್ಲಿ ಎಲ್ಲ ಸೇರಿ ಶೇ 7.6, ಅಂದರೆ ಹತ್ತು ಲಕ್ಷಕ್ಕೆ 76,000 ರೂಪಾಯಿ. ಷೇರು ವರ್ಗಾವಣೆಯಷ್ಟೇ ಎಂದು ಹೇಳಿದರೆ ವಕೀಲರನ್ನು ಕಂಡು ಯಾವ ದಸ್ತಾವೇಜು ಆಗಬೇಕೆಂದು ತಿಳಿದುಕೊಳ್ಳಿ. ಬಾಂಡ್ ಪೇಪರಿನ ಮೇಲೆ ನೋಟರಿ ಮಾಡಿಸಿದ ಕರಾರು ಒಂದೇ ಇದ್ದರೆ ನಿಮಗೆ ಸದಸ್ಯತ್ವವೂ ಇಲ್ಲ, ಮನೆಯೂ ಇಲ್ಲ.

ಕೊನೆಯ ಕೆಲಸ: ಷೇರು ಪತ್ರದ ಹಿಂಬದಿಯಲ್ಲಿ ನಿಮ್ಮ ಹೆಸರು ಏರಿದೆಯೇ, ಸದಸ್ಯರ ರಿಜಿಸ್ಟರಿನಲ್ಲಿ ದಾಖಲಾಗಿದೆಯೇ ನೋಡಿ, ಅದೇ ದಿನ ನಾಮಿನಿ ಅರ್ಜಿಯನ್ನೂ ಕೊಡಿ. ನಾಮಿನಿಯಾದ ಮಾತ್ರಕ್ಕೆ ಅವರೇ ವಾರಸುದಾರರಾಗುವುದಿಲ್ಲ. ಮನೆ ಯಾರಿಗೆ ಸೇರಬೇಕು ಎಂಬುದನ್ನು ಮೃತ್ಯುಪತ್ರದಲ್ಲಿ ಬರೆದಿಡಿ.