ಒಂದು ಮಿಲಿಮೀಟರ್ ತೂತಿನ ಲೆಕ್ಕ: ಬಾಯೆಳೆತದ ವೇಪ್ ಟ್ಯಾಂಕಿನ ವಿನ್ಯಾಸ

(ಬೀದರಿನಲ್ಲಿ ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಪಠ್ಯ)

ನಮಸ್ಕಾರ. ಇಂದಿನ ವಿಷಯ ವೇಪ್ ಟ್ಯಾಂಕು, ಅಂದರೆ ಇ-ಸಿಗರೇಟಿನಲ್ಲಿ ದ್ರವ ತುಂಬಿಟ್ಟು, ಬತ್ತಿಯ ಮೂಲಕ ಬಿಸಿ ತಂತಿಸುರುಳಿಗೆ (ಕಾಯಿಲ್) ಉಣಿಸಿ ಆವಿ ಮಾಡುವ ಭಾಗ. ಅದರ ಎಳೆತವನ್ನು ಗುಡಗುಡಿಯಿಂದ ಅರಿಯೋಣ. ಬಿದ್ರಿ ಗುಡಗುಡಿಯ ಬುಡವನ್ನು ಈ ಊರಿನವರಿಗೆ ಪರಿಚಯಿಸಬೇಕಾಗಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಮಾಡಿದ ಪಾತ್ರೆ. ಮೇಲಿನ ಹೂಬಳ್ಳಿ ಬಿಟ್ಟು ಒಳಗಿನ ನೀರನ್ನು ನೋಡೋಣ. ಚಿಲುಮೆಯಿಂದ ಇಳಿದ ನಳಿಗೆ ನೀರಿನಲ್ಲಿ ಎರಡು ಬೆರಳಗಲ, ಅಂದರೆ ಸುಮಾರು 35 ಮಿ.ಮೀ. ಮುಳುಗಿದೆ ಎನ್ನಿ. ನಳಿಗೆಯೊಳಗಿನ ನೀರು ಅಷ್ಟೂ ಕೆಳಗಿಳಿಯುವಂತೆ ಎಳೆದಾಗಲೇ ಮೊದಲ ಗುಳ್ಳೆ ಏಳುವುದು. ಇದೇ ಎಳೆತದ ಬಿಗಿ. ಇಂದಿಗೂ ಇದನ್ನು ಅಳೆಯುವುದು ನೀರಿನ ಮಿಲಿಮೀಟರಿನಲ್ಲೇ, 1 ಮಿ.ಮೀ. ನೀರು ಅಂದರೆ 9.8 ಪ್ಯಾಸ್ಕಲ್.

ಮುಂದೆ ಹೋಗುವ ಮುನ್ನ ಕಾನೂನಿನ ಮಾತು. ಭಾರತದಲ್ಲಿ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಸಂಗ್ರಹ, ಜಾಹೀರಾತು ಎಲ್ಲವೂ 2019ರ ಕಾಯ್ದೆಯಿಂದ ನಿಷಿದ್ಧ. ನಿಕೋಟಿನ್ ಇಲ್ಲದಿದ್ದರೂ ನಿಷಿದ್ಧವೇ. ತಯಾರಿಸಿ ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೀಗಾಗಿ ಟ್ಯಾಂಕು ಕಾಗದದ ಮೇಲೇ ಇರುತ್ತದೆ. ಲೇಥಿನ ಹತ್ತಿರ ಹೋಗುವುದು ತೂತು ಕೊರೆದ ಮೂರು ತಟ್ಟೆ ಮಾತ್ರ. ಕಲಿಯಬೇಕಾದ್ದರಲ್ಲಿ ಹೆಚ್ಚಿನದು ಆ ತಟ್ಟೆಗಳಲ್ಲೇ ಇದೆ.

ಬಾಯೆಳೆತ ಅಂದರೆ ಬೀಡಿ ಸೇದುವ ಕ್ರಮ: ಮೊದಲು ಬಾಯಿ ತುಂಬ, ಆಮೇಲೆ ಎದೆಗೆ. ನೇರ ಎದೆಗೆ ಎಳೆಯುವ ಸಾಧನಕ್ಕೆ ಗಾಳಿ ಧಾರಾಳ ಬೇಕು, ಇದಕ್ಕೆ ಬಿಗಿ ಬೇಕು. ಪರೀಕ್ಷಾ ಯಂತ್ರಗಳು 3 ಸೆಕೆಂಡಿಗೆ 55 ಮಿ.ಲೀ. ಎಳೆಯುತ್ತವೆ, ಅಂದರೆ ಸೆಕೆಂಡಿಗೆ 18.3 ಮಿ.ಲೀ. ಈ ಗಾಳಿಯನ್ನು 1.2 ಮಿ.ಮೀ. ತೂತಿನಲ್ಲಿ ಹಾಯಿಸಿದರೆ ವೇಗ ಸೆಕೆಂಡಿಗೆ 16 ಮೀಟರ್. ಹರಿವಿನ ಗುಣಾಂಕ (ತೂತಿನಲ್ಲಿ ನಿಜಕ್ಕೂ ಹಾಯುವ ಗಾಳಿಗೂ ಲೆಕ್ಕದ ಗಾಳಿಗೂ ಇರುವ ಅನುಪಾತ) 0.7 ಎಂದು ಹಿಡಿದರೆ ಬಿಗಿ ಸುಮಾರು 33 ಮಿ.ಮೀ. ನೀರು, ಹೆಚ್ಚುಕಡಿಮೆ ನಮ್ಮ ಗುಡಗುಡಿಯಷ್ಟೇ. ತೂತು 1.0 ಆದರೆ 68. 0.8 ಆದರೆ 166. ಸಾಧಾರಣ ಸಿಗರೇಟಿನದು 100ರ ಆಸುಪಾಸು.

ಈ ಅಂಕಿಗಳು ಹೀಗೆ ಜಿಗಿಯುವುದೇಕೆ? ಗಾಳಿ ಅಷ್ಟೇ ಇದ್ದರೆ ವೇಗ ವ್ಯಾಸದ ವರ್ಗಕ್ಕೆ ವಿಲೋಮ, ಒತ್ತಡ ವೇಗದ ವರ್ಗಕ್ಕೆ ಅನುಲೋಮ. ಎರಡೂ ಸೇರಿ ಬಿಗಿ ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮವಾಗುತ್ತದೆ. ಡ್ರಿಲ್ ಬಿಟ್ ಅಲ್ಲಾಡಿ 1.0 ಇದ್ದದ್ದು 1.1 ಆಯಿತೋ, ಬಿಗಿಯಲ್ಲಿ ಮೂರನೇ ಒಂದು ಪಾಲು ಹೋಯಿತು. ಪಂಪ್ ಸ್ಟೌವಿನ ನಿಪ್ಪಲ್ಲನ್ನು ಪಿನ್ನಿನಿಂದ ಚುಚ್ಚಿ ಚುಚ್ಚಿ ಅಗಲ ಮಾಡಿಕೊಂಡವರ ಮನೆಯಲ್ಲಿ ನೀಲಿ ಉರಿ ಹಳದಿಯಾಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದದ್ದು ನೆನಪಿರಬೇಕಲ್ಲ, ಆ ಜಾತಿಯ ಕೆಡುಕು ಇದು.

ಸ್ಟೇನ್‌ಲೆಸ್ ಸ್ಟೀಲಿಗೆ 1 ಮಿ.ಮೀ. ಬಿಟ್ ನೇರವಾಗಿ ಇಟ್ಟರೆ ಜಾರುತ್ತದೆ. ಮೊದಲು ಸೆಂಟರ್ ಡ್ರಿಲ್ಲಿನಿಂದ ಗುಳಿ ಮಾಡಿ, ಆಮೇಲೆ ಎಣ್ಣೆ ಹಾಕುತ್ತಾ ಚುಚ್ಚಿ ತೆಗೆದು ಚುಚ್ಚಿ ತೆಗೆದು ಕೊರೆಯಿರಿ. ತೂತಿನ ಆಚೆ ಬದಿಗೆ ಏಳುವ ಮುಳ್ಳು, ಅಂದರೆ ಬರ್, ಕಣ್ಣಿಗೆ ಬೀಳುವುದಿಲ್ಲ, ಉಗುರಿಗೆ ಸಿಗುತ್ತದೆ. ಅದು ಉಳಿದರೆ ಎಳೆದಾಗ ಸಿಳ್ಳೆ ಬರಬಹುದು. ಅದನ್ನು ತೆಗೆಯುವ ಭರದಲ್ಲಿ ಅಂಚನ್ನು ಗುಂಡಗೆ ಮಾಡಿದರೆ ಗುಣಾಂಕ ಏರಿ ಎಳೆತ ಸಡಿಲಾಗುತ್ತದೆ. ವ್ಯಾಸ ಅದೇ, ಬಿಗಿ ಬೇರೆ! ಹಾಗಾಗಿ ಡ್ರಾಯಿಂಗಿನಲ್ಲಿ ವ್ಯಾಸ ಬರೆದರೆ ಸಾಲದು, ಅಂಚು ಹೇಗಿರಬೇಕೆಂದೂ ಬರೆಯಬೇಕು.

ಎರಡನೆಯದು, ಗಾಳಿಯ ದಾರಿಯಲ್ಲಿ ಅತಿ ಕಿರಿದಾದ ಜಾಗ ಒಂದೇ ಇರಬೇಕು, ಅದು ಕಾಯಿಲ್‌ನ ನೇರ ಕೆಳಗೆ 1.5ರಿಂದ 2 ಮಿ.ಮೀ. ಅಂತರದಲ್ಲಿರಬೇಕು. ಆವಿ ಮೇಲೇರುವ ಕೊಳವೆ, ಅಂದರೆ ಚಿಮಣಿ, 3.5, ಬಾಯಿತುದಿ 3 ಮಿ.ಮೀ. ಇಟ್ಟುಕೊಂಡರೆ ಅವು ಬಿಗಿಗೆ ಹೆಚ್ಚೇನೂ ಸೇರಿಸುವುದಿಲ್ಲ. ಹಲವರು ಎಡವುವುದು ಗಾಳಿ ಹೊಂದಿಸುವ ಬಳೆಯಲ್ಲಿ. 22 ಮಿ.ಮೀ. ಬಳೆಯ ಸುತ್ತಳತೆ 69 ಮಿ.ಮೀ. ಅದರ ಸುತ್ತ 0.02 ಮಿ.ಮೀ. ಸಂದು ಉಳಿದರೆ ವಿಸ್ತೀರ್ಣ 1.38 ಚದರ ಮಿ.ಮೀ., ಅಂದರೆ 1.2ರ ತೂತಿಗಿಂತ ದೊಡ್ಡದು. ತೆಳು ಸಂದಿನಲ್ಲಿ ಗಾಳಿಗೆ ಘರ್ಷಣೆ ಜಾಸ್ತಿ, ಆದ್ದರಿಂದ ಅಷ್ಟೂ ಸೋರುವುದಿಲ್ಲ ನಿಜ. ಆದರೂ ನೀವು ಲೆಕ್ಕ ಹಾಕಿ ಕೊರೆದ ತೂತಿನ ಮರ್ಯಾದೆ ಉಳಿಯುವುದಿಲ್ಲ. ಬಳೆಯನ್ನು ಒ-ರಿಂಗಿನ (ಸಂದು ಮುಚ್ಚುವ ರಬ್ಬರ್ ಉಂಗುರ) ಮೇಲೆ ಕೂಡಿಸಿ, ಇಲ್ಲವೇ ಬಳೆ ಬಿಟ್ಟು, ಬೇರೆ ಬೇರೆ ತೂತಿನ ಪುಟ್ಟ ಪಿನ್‌ಗಳನ್ನು ಒಳಗಿಂದ ತಿರುಪಿ ಹಾಕುವ ವ್ಯವಸ್ಥೆ ಮಾಡಿ. ನನ್ನ ಮಟ್ಟಿಗೆ ಪಿನ್ನೇ ಸರಿ.

ಕಾಯಿಲ್ಲಿಗೆ ಬರೋಣ. ಕಾಂಥಾಲ್ ಎ1 ಎಂಬ ಮಿಶ್ರಲೋಹದ ಕಾಯುವ ತಂತಿ, 0.32 ಮಿ.ಮೀ. ದಪ್ಪ, ಮೀಟರಿಗೆ ಸುಮಾರು 18 ಓಮ್. 2.5 ಮಿ.ಮೀ. ಸಲಾಕೆಯ ಮೇಲೆ 6 ಸುತ್ತು ಹಾಕಿದರೆ 53 ಮಿ.ಮೀ., ಕಾಲುಗಳಿಗೆ 10 ಸೇರಿಸಿದರೆ 63. ಒಟ್ಟು 1.14 ಓಮ್. 12 ವ್ಯಾಟಿಗೆ 3.7 ವೋಲ್ಟ್ ಸಾಕು, ಒಂದೇ ಲಿಥಿಯಂ ಸೆಲ್ಲಿನ ಸಾಧಾರಣ ವೋಲ್ಟೇಜ್. ಇಲ್ಲೊಂದು ಬಲೆ ಇದೆ. 0.32 ಅಂದರೆ ಅಮೆರಿಕನ್ ಗೇಜಿನಲ್ಲಿ (ತಂತಿಯ ದಪ್ಪ ಹೇಳುವ ಸಂಖ್ಯೆ) 28. ನಮ್ಮ ಅಂಗಡಿಗಳಲ್ಲಿ ಬ್ರಿಟಿಷ್ ಗೇಜೂ ಚಾಲ್ತಿಯಲ್ಲಿದೆ. ಅದರ 28 ಅಂದರೆ 0.376 ಮಿ.ಮೀ. ಅಷ್ಟೇ ಸುತ್ತಿಗೆ 0.84 ಓಮ್ ಬರುತ್ತದೆ. ಬ್ರಿಟಿಷ್ ಗೇಜಿನಲ್ಲಿ ಕೇಳಬೇಕಾದ್ದು 30. ಗೇಜ್ ಹೇಳುವ ಬದಲು ಮೈಕ್ರೋಮೀಟರ್ ಹಿಡಿಯುವುದೇ ಲೇಸು.

ಕಾಯಿಲ್ ಕೂರುವ ತಳ, ಅಂದರೆ ಡೆಕ್ಕಿನ ಮೇಲೆ, ತಂತಿಯ ಕಾಲುಗಳನ್ನು ಹಿಡಿಯುವ ಎರಡು ಕಂಬ. ಧನ ಕಂಬವನ್ನು ಪೀಕ್ ಪ್ಲಾಸ್ಟಿಕ್ಕಿನ ತಡೆ ಬೇರ್ಪಡಿಸುತ್ತದೆ. ಅದು ಕರಗುವುದು 343 ಡಿಗ್ರಿಯಲ್ಲಿ, ನೈಲಾನ್ ಅಷ್ಟು ತಾಳದು. ತಿರುಪಿನಾಚೆ ಉಳಿದ ತಂತಿಯ ತುದಿ ಕಂಬಕ್ಕೆ ಸಮನಾಗಿ ಕತ್ತರಿಸದಿದ್ದರೆ ಚೇಂಬರಿನ ಗೋಡೆಗೆ ತಾಗಿ ಶಾರ್ಟ್. ಓಮ್ ಅಂಕಿ ಕುಣಿಯುತ್ತಿದ್ದರೆ ಮೊದಲು ತಿರುಪು ನೋಡಿ.

ಬತ್ತಿಯ ವಿಷಯ ಕಂದೀಲು ಕಂಡವರಿಗೆ ಗೊತ್ತಿರುವುದೇ. ಹತ್ತಿಯನ್ನು ಕಾಯಿಲ್ಲಿನೊಳಗೆ ಎಳೆದಾಗ ಸ್ವಲ್ಪ ಹಿಡಿಯಬೇಕು, ಕಾಯಿಲ್ಲನ್ನೇ ಎಳೆದುಕೊಂಡು ಬರಬಾರದು. ಬಿಗಿಯಾದರೆ ದ್ರವ ಏರದೆ ಹತ್ತಿ ಕರಕಲಾಗಿ ಗಂಟಲು ಸುಡುತ್ತದೆ, ಜೊತೆಗೆ ಫಾರ್ಮಾಲ್ಡಿಹೈಡ್‌ನಂಥ ವಿಷ. ತೆಳುವಾದರೆ ಟ್ಯಾಂಕು ತುಂಬಿದ್ದೆಲ್ಲ ಗಾಳಿಯ ತೂತಿನಿಂದ ಕೆಳಗೆ. ಬತ್ತಿಯ ಬಾಲ ದ್ರವ ಬರುವ ನಾಲೆಯ ತಳಕ್ಕೆ ಮುಟ್ಟಿ ನಿಲ್ಲಬೇಕು, ಮಡಚಿ ತುರುಕಬಾರದು. ಗ್ಲಿಸರಿನ್ ಜಾಸ್ತಿ ಇರುವ ದ್ರವ ಮಂದ, ಅದಕ್ಕೆ ನಾಲೆ ಅಗಲವಿರಲಿ.

ಟ್ಯಾಂಕು ಕೆಲಸ ಮಾಡುವುದು ಕೋಳಿಮರಿಗೆ ಬೋರಲಿಟ್ಟ ನೀರಿನ ಬಾಟಲಿಯಂತೆ. ಮೇಲೆ ಗಾಳಿಯಾಡದ ಮುಚ್ಚಳ. ದ್ರವ ಕಡಿಮೆಯಾದಂತೆ ಒಳಗಿನ ಒತ್ತಡ ಇಳಿಯುತ್ತದೆ. ಬತ್ತಿಯ ಪಕ್ಕದಿಂದ ಒಂದು ಗುಳ್ಳೆ ಒಳಗೆ ಹೋದಾಗ ಅಷ್ಟೇ ದ್ರವ ಹೊರಗೆ. ಮೇಲಿನ ಒ-ರಿಂಗ್ ಸೀಳಿದರೆ ಈ ಆಟವೇ ಮುಗಿಯಿತು, ದ್ರವ ತಡೆಯಿಲ್ಲದೆ ಇಳಿಯುತ್ತದೆ. ಈ ತತ್ವ ಬಿಸಿಲನ್ನು ಸಹಿಸುವುದಿಲ್ಲ. 2 ಮಿ.ಲೀ. ಟ್ಯಾಂಕಿನಲ್ಲಿ ಅರ್ಧ ಗಾಳಿ ಇದೆ ಎನ್ನಿ. 25 ಡಿಗ್ರಿಯ ಕೋಣೆಯಿಂದ ಕಲಬುರಗಿಯ ಮೇ ತಿಂಗಳ 42ಕ್ಕೆ ತಂದರೆ ಆ 1 ಮಿ.ಲೀ. ಗಾಳಿ ಶೇ. 5.7 ಹಿಗ್ಗುತ್ತದೆ. ಅಷ್ಟು ದ್ರವ, ಅಂದರೆ ಒಂದು ಹನಿಗಿಂತ ತುಸು ಹೆಚ್ಚು, ಬತ್ತಿಯ ಕಡೆ ದೂಡಲ್ಪಡುತ್ತದೆ. ಬಿಸಿಗೆ ದ್ರವ ತೆಳುವೂ ಆಗಿರುತ್ತದೆ. ಹಾಗಾಗಿ ದ್ರವದ ದಾರಿ ಮುಚ್ಚುವ ಬಳೆಯೊಂದು ಇಲ್ಲಿನ ವಿನ್ಯಾಸಕ್ಕೆ ಬೇಕೇಬೇಕು.

ಈಗ ಮೇಜಿನ ಮೇಲಿರುವುದು: 0.8, 1.0, 1.2ರ ಮೂರು ತಟ್ಟೆ, 60 ಮಿ.ಲೀ. ಸಿರಿಂಜ್, ಮೀನಿನ ತೊಟ್ಟಿಯ ಟೀ ಜೋಡಣೆ (ತಟ್ಟೆ, ಸಿರಿಂಜ್, ಪೈಪು ಮೂರನ್ನೂ ಸೇರಿಸುವ T ಆಕಾರದ ಕೊಂಡಿ), ಬಣ್ಣದ ನೀರು ತುಂಬಿ ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿದ ಸಲೈನ್ ಪೈಪು. ಟೀ ಕೊಂಡಿ ತಟ್ಟೆಗೆ ಅಂಟಿಕೊಂಡಂತಿರಲಿ. ನಡುವೆ ಉದ್ದ ಪೈಪಿದ್ದರೆ ಅದರ ಬಿಗಿಯೂ ಲೆಕ್ಕಕ್ಕೆ ಸೇರುತ್ತದೆ. ಎರಡೂ ಕಡೆಯ ನೀರಿನ ಮಟ್ಟದ ಅಂತರವೇ ಅಳತೆ, ಒಂದು ಕಡೆಯದಲ್ಲ. 1.2ರಿಂದ ಶುರು ಮಾಡಿ, 55 ಮಿ.ಲೀ.ಯನ್ನು 3 ಸೆಕೆಂಡಿನಲ್ಲಿ ಒಂದೇ ಸಮನೆ ಎಳೆಯಿರಿ. 0.8ರ ಸರದಿಗೆ ಕೈ ಹಗುರವಿರಲಿ, ಜೋರು ಮಾಡಿದರೆ ಬಣ್ಣದ ನೀರು ಸಿರಿಂಜಿಗೇ ಬರುತ್ತದೆ.