ಹುಲ್ಲು ಮೊದಲೋ ಕಾಡು ಮೊದಲೋ: ನೀಲಗಿರಿ ಜೌಗಿನ ಸಾಕ್ಷ್ಯ

ಊಟಿ ಸುತ್ತಲಿನ ಕಣಿವೆಗಳಲ್ಲಿ, ಸುಮಾರು 2,200 ಮೀಟರ್ ಎತ್ತರದಲ್ಲಿ, ಕಾಲಿಟ್ಟರೆ ಹೂತುಹೋಗುವ ಕಪ್ಪು ಜೌಗುಗಳಿವೆ. ನೀರು ನಿಂತು ಗಾಳಿಯಾಡದ ಕಾರಣ ಸತ್ತ ಹುಲ್ಲು, ಎಲೆ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತಿವೆ. ಇದೇ ಪೀಟ್.

ಇಲ್ಲಿನ ಹುಲ್ಲುಗಾವಲು ಮೂಲದ್ದೋ, ಜನ ಶೋಲಾ ಕಾಡು (ಇಲ್ಲಿನ ಕಣಿವೆಗಳ ಗಿಡ್ಡ ನಿತ್ಯಹಸಿರು ಕಾಡು) ಸುಟ್ಟು ದನ ಮೇಯಿಸಿ ಮಾಡಿದ್ದೋ ಎಂಬ ಜಗಳ ಹಳೆಯದು. ಅದಕ್ಕೆ ಪೀಟಿನಲ್ಲಿ ಇಬ್ಬರು ಸಾಕ್ಷಿಗಳಿದ್ದಾರೆ. ಇಬ್ಬರೂ ಅರೆಗುರುಡರು.

ಮೊದಲನೆಯದು ಪರಾಗ. ಒಂದು ಘನ ಸೆಂಟಿಮೀಟರ್ ಪೀಟನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಬಿಸಿಮಾಡಿ, ಜರಡಿ ಹಿಡಿದು, ಮರಳಿನಂಶವನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಆಮೇಲೆ ಒಂಬತ್ತು ಪಾಲು ಅಸಿಟಿಕ್ ಅನ್‌ಹೈಡ್ರೈಡ್‌ಗೆ ಒಂದು ಪಾಲು ಗಂಧಕಾಮ್ಲ ಸೇರಿಸಿದ ಮಿಶ್ರಣ. ಅದಕ್ಕೆ ಮೊದಲು ನೀರಿಲ್ಲದ ಅಸಿಟಿಕ್ ಆಮ್ಲದಿಂದ ತೊಳೆಯಲೇಬೇಕು. ಕೊಳವೆಯಲ್ಲಿ ತೇವ ಉಳಿದಿದ್ದರೆ ಮಿಶ್ರಣ ಉಕ್ಕಿ ಮುಖಕ್ಕೆ ಚಿಮ್ಮುತ್ತದೆ. ಉಳಿದದ್ದನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಪ್ರತಿ ಪದರಕ್ಕೆ ಮುನ್ನೂರು ಕಣಗಳಾದರೂ ಎಣಿಸಬೇಕು. ಹುಲ್ಲಿನ ಪರಾಗ ದುಂಡಗೆ, ಒಂದೇ ತೂತು, ತೂತಿನ ಸುತ್ತ ಉಂಗುರ. ತೊಂದರೆ ಏನೆಂದರೆ ಹೆಚ್ಚುಕಡಿಮೆ ಎಲ್ಲ ಹುಲ್ಲುಗಳದ್ದೂ ಹೀಗೆಯೇ. ಜೊತೆಗೆ ಹುಲ್ಲಿನ ಪರಾಗ ಗಾಳಿಯಲ್ಲಿ ಧಾರಾಳವಾಗಿ ಹಾರುತ್ತದೆ, ಕೀಟಗಳನ್ನು ನಂಬಿದ ಶೋಲಾ ಮರಗಳದ್ದು ಅಷ್ಟಿಲ್ಲ. ಎಣಿಕೆಯನ್ನು ಹಾಗೇ ನಂಬಿದರೆ ಕಾಡು ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ನೇರಳೆಯ ಜಾತಿಯದ್ದು ಮುಕ್ಕೋನ ಕಣ. ಅದೇ ಕುಟುಂಬದ ಯೂಕಲಿಪ್ಟಸ್‌ದೂ ಮುಕ್ಕೋನ. ಆಸ್ಟ್ರೇಲಿಯಾದಿಂದ 19ನೇ ಶತಮಾನದಲ್ಲಿ ಬಂದ ಆ ಮರಕ್ಕೆ ಕನ್ನಡದಲ್ಲಿ ನಾವು ‘ನೀಲಗಿರಿ’ ಎಂದೇ ಹೆಸರಿಟ್ಟಿದ್ದೇವೆ, ಅಲ್ಲಿಯದೇ ಎಂಬಂತೆ!

ಎರಡನೆಯದು ಇಂಗಾಲ-13ರ, ಎಂದರೆ ಇಂಗಾಲದ ತುಸು ಭಾರದ ರೂಪದ, ಪ್ರಮಾಣ. ಗಾಳಿಯ ಇಂಗಾಲ ಹಿಡಿಯುವ ಬಗೆಯ ಮೇಲೆ ಸಸ್ಯಗಳನ್ನು ಸಿ-3, ಸಿ-4 ಎಂದು ವಿಂಗಡಿಸುತ್ತಾರೆ. ಮರಗಳು ಮತ್ತು ತಂಪಿಗೆ ಒಗ್ಗಿದ ಹುಲ್ಲುಗಳು ಸಿ-3 ಸಸ್ಯಗಳು. ಒಂದು ಗೊತ್ತಾದ ಮಾನಕಕ್ಕೆ ಹೋಲಿಸಿದರೆ ಅವುಗಳ ಇಂಗಾಲ-13 ಸರಾಸರಿ ಸಾವಿರಕ್ಕೆ -27ರ ಆಸುಪಾಸು. ಬಿಸಿ, ಒಣ ಹವೆಯ ಸಿ-4 ಹುಲ್ಲುಗಳದ್ದು -13. ಪೀಟಿನಲ್ಲಿ -20 ಬಂದರೆ ಸರಿಸುಮಾರು ಅರ್ಧರ್ಧ. ಆದರೆ -27 ಬಂದಾಗ ಅದು ಕಾಡೋ, ಸಿ-3 ಹುಲ್ಲೋ ಎಂದು ಈ ಸಾಕ್ಷಿ ಹೇಳಲಾರದು. ಆಗ ಪರಾಗವನ್ನು ಕರೆಯಬೇಕು.

ಪದರದ ವಯಸ್ಸು ತಿಳಿಯಲು ಇಂಗಾಲ-14, ಎಂದರೆ ಕಾಲ ಕಳೆದಂತೆ ಕ್ಷಯಿಸುವ ವಿಕಿರಣಶೀಲ ಇಂಗಾಲ. ಮೇಲಿನ ಹುಲ್ಲಿನ ಬೇರು ಕೆಳಗಿನ ಪದರಕ್ಕೆ ಇಳಿದಿದ್ದರೆ ಆ ಪದರ ಇದ್ದದ್ದಕ್ಕಿಂತ ಎಳೆಯದಾಗಿ ಕಾಣುತ್ತದೆ. ಹಾಗಾಗಿ ಬೇರುಗಳನ್ನು ಚಿಮಟದಲ್ಲಿ ಒಂದೊಂದಾಗಿ ಆರಿಸಿ ತೆಗೆಯುತ್ತಾರೆ. ಬೇಸರದ ಕೆಲಸ, ಆದರೆ ತಪ್ಪು ನುಸುಳುವುದು ಇಲ್ಲೇ.

ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ನೀಲಗಿರಿ ಪೀಟಿನ ಇಂಗಾಲ-13 ದಾಖಲೆ ಪ್ರಕಟಿಸಿದರು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಅತಿ ತೀವ್ರವಾಗಿದ್ದಾಗ, ಇಲ್ಲಿ ಸಿ-4 ಹುಲ್ಲಿನದ್ದೇ ಕೈಮೇಲು. ಮುಂಗಾರು ಸೊರಗಿತ್ತು, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 190ರಷ್ಟೇ. ಅಷ್ಟು ಕಡಿಮೆಯಲ್ಲೂ ಸಿ-4 ಹುಲ್ಲು ಅದನ್ನು ಎಲೆಯೊಳಗೆ ಒಟ್ಟುಮಾಡಿಕೊಂಡು ಬದುಕುತ್ತದೆ, ಮರ ಸೊರಗುತ್ತದೆ. ಸುಮಾರು 9,000 ವರ್ಷಗಳ ಹಿಂದೆ, ಉತ್ತರಾರ್ಧಗೋಳದ ಬೇಸಿಗೆಯಲ್ಲೇ ಭೂಮಿ ಸೂರ್ಯನಿಗೆ ಹತ್ತಿರವಿದ್ದ ಕಾಲಕ್ಕೆ, ಮುಂಗಾರು ಬಲಿತು ಸಿ-3 ಸಸ್ಯಗಳು ಮೇಲಾದವು. ಎಂದರೆ ಹುಲ್ಲುಗಾವಲು ಕೊಡಲಿ ಮತ್ತು ದನಗಳಿಗಿಂತ ಬಹಳ ಹಳೆಯದು. ಅಲ್ಲಿ ವ್ಯಾಟಲ್ (ಆಸ್ಟ್ರೇಲಿಯಾದ ಜಾಲಿ ಜಾತಿಯ ಮರ), ಯೂಕಲಿಪ್ಟಸ್ ನೆಟ್ಟದ್ದನ್ನು ‘ಅರಣ್ಯ ಮರುಸ್ಥಾಪನೆ’ ಎನ್ನಲಾಗದು.

ಇಂದು ಡೈಆಕ್ಸೈಡ್ 420 ದಾಟಿದೆ, ಲಾಭ ಮರಗಳ ಕಡೆಗಿದೆ. ಕಣಿವೆಯಲ್ಲಿ ಶೋಲಾ ಸಸಿಗಳನ್ನು ತಡೆಯುತ್ತಿದ್ದ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳು ಕಡಿಮೆಯಾದರೆ ಕಾಡು-ಹುಲ್ಲಿನ ಗಡಿ ಇನ್ನಷ್ಟು ಸರಿಯಬಹುದು. ಅದನ್ನು ಪೀಟಿನ ಮೇಲ್ಪದರದಲ್ಲಿ ಓದುವಾಗ ಒಂದು ಎಚ್ಚರ ಬೇಕು: ಕಲ್ಲಿದ್ದಲು, ಪೆಟ್ರೋಲ್ ಸುಟ್ಟ ಇಂಗಾಲ ಸೇರಿ ಗಾಳಿಯ ಇಂಗಾಲ-13ರ ಪ್ರಮಾಣವೇ ಸಾವಿರಕ್ಕೆ ಸುಮಾರು 2ರಷ್ಟು ಋಣದತ್ತ ಜಾರಿದೆ. ಆ ಲೆಕ್ಕ ತೆಗೆಯದಿದ್ದರೆ ಹೊಗೆಯನ್ನೇ ಕಾಡು ಬೆಳೆದದ್ದೆಂದು ಓದಿಬಿಡುತ್ತೇವೆ.