ರವಿವಾರದ ಬಂಗಡೆಯ ಮೇಲೆ ಆರೋಪವೇಕೆ? ತೂಕ ಇಳಿಸುವವರಿಗೆ ವಾರದ ಲೆಕ್ಕ

[ದೃಶ್ಯ: ಕಾರವಾರದ ಮೀನು ಮಾರುಕಟ್ಟೆ, ರವಿವಾರ ಬೆಳಿಗ್ಗೆ. ಬುಟ್ಟಿಯಲ್ಲಿ ಬಂಗಡೆ, ಪಕ್ಕದಲ್ಲಿ ಸಿಗಡಿ.]

ಎಲ್ಲರಿಗೂ ನಮಸ್ಕಾರ. ರವಿವಾರ ಬೆಳಿಗ್ಗೆ ಈ ಮಾರುಕಟ್ಟೆಗೆ ಬರುವವರಲ್ಲಿ ತೂಕ ಇಳಿಸಲು ಹೊರಟವರೂ ಇರುತ್ತಾರೆ, ಮತ್ತು ಅವರು ಚೀಲದ ಜೊತೆಗೆ ಒಂದು ಅಳುಕನ್ನೂ ಹೊತ್ತು ಬಂದಿರುತ್ತಾರೆ. ಸೋಮವಾರದಿಂದ ಶುಕ್ರವಾರದವರೆಗೆ ಎರಡು ಚಪಾತಿ, ಒಂದು ಹಿಡಿ ಅನ್ನ, ಸಕ್ಕರೆಯಿಲ್ಲದ ಚಹಾ ಎಂದು ಬಿಗಿಯಾಗಿದ್ದು, ಶನಿವಾರ ಸಂಜೆಯ ಹೊತ್ತಿಗೆ ಆ ಬಿಗಿಯೆಲ್ಲ ಸಡಿಲವಾಗಿ, ತಿಂಗಳು ಕಳೆದರೂ ತೂಕ ಇದ್ದಲ್ಲೇ ಇದ್ದಾಗ, ಅವರು ಮೊದಲು ದೂರುವುದು ಬಂಗಡೆಯ ರವಾ ಫ್ರೈಯನ್ನು. ಆ ದೂರು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಇಂದು ಅಂಕಿಗಳನ್ನು ಇಟ್ಟುಕೊಂಡೇ ಪರಿಶೀಲಿಸೋಣ.

[ತೆರೆಯ ಮೇಲೆ: ಏಳು ಚೌಕಗಳ ವಾರದ ಪಟ್ಟಿ]

ದಿನಕ್ಕೆ ಸುಮಾರು 2100 ಕ್ಯಾಲೊರಿ ವ್ಯಯವಾಗುವ ಒಬ್ಬ ಕಚೇರಿ ನೌಕರರನ್ನು ಕಲ್ಪಿಸಿಕೊಳ್ಳಿ. ಈ ಸಂಖ್ಯೆ ವಯಸ್ಸು, ಎತ್ತರ, ತೂಕ ಮತ್ತು ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ. ದೋಣಿಯಲ್ಲಿ ಬಲೆ ಎಳೆಯುವವರಿಗೆ ಇದು ಸಾಲದು. ನಮ್ಮ ನೌಕರರು ವಾರದ ಐದು ದಿನ 1600 ಕ್ಯಾಲೊರಿಯಷ್ಟೇ ತಿನ್ನುತ್ತಾರೆ. ದಿನಕ್ಕೆ 500ರಂತೆ ಐದು ದಿನಕ್ಕೆ 2500 ಕ್ಯಾಲೊರಿಯ ಕೊರತೆ ಉಂಟಾಯಿತು. ಶನಿವಾರ ಅವರು ವ್ಯಯಕ್ಕಿಂತ 900 ಹೆಚ್ಚು, ರವಿವಾರ 1300 ಹೆಚ್ಚು ತಿಂದರು ಎನ್ನೋಣ. ಅಲ್ಲಿಗೆ 2200 ಮರಳಿ ಬಂತು, ವಾರದ ಕೊನೆಗೆ ಉಳಿದ ಕೊರತೆ ಕೇವಲ 300. ಒಂದು ಕಿಲೋ ದೇಹದ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಎಂದು ಹಿಡಿದರೆ, ಐದು ದಿನಗಳ ಹಸಿವಿಗೆ ದೊರೆತ ಫಲ 40 ಗ್ರಾಂ. ಅಷ್ಟನ್ನು ಮನೆಯ ತೂಕದ ಯಂತ್ರ ತೋರಿಸಲಾರದು.

ಈ 7700 ಎಂಬುದು, 1958ರಲ್ಲಿ ಅಮೆರಿಕದ ವೈದ್ಯ ಮ್ಯಾಕ್ಸ್ ವಿಶ್ನೋಫ್‌ಸ್ಕಿ ಒಂದು ಪೌಂಡಿಗೆ 3500 ಕ್ಯಾಲೊರಿ ಎಂದು ಕೊಟ್ಟ ಲೆಕ್ಕವನ್ನು ಕಿಲೋಗೆ ಪರಿವರ್ತಿಸಿದಾಗ ಬರುವ ಅಂಕಿ. ಇದನ್ನು ಅಂದಾಜಿಗಷ್ಟೇ ಬಳಸಬೇಕು, ಏಕೆಂದರೆ ತೂಕ ಇಳಿದಂತೆ ದೇಹದ ದೈನಂದಿನ ವ್ಯಯವೂ ಇಳಿಯುವುದರಿಂದ ತಿಂಗಳುಗಳು ಕಳೆದ ಹಾಗೆ ಇಳಿಕೆ ನಿಧಾನವಾಗುತ್ತದೆ.

[ದೃಶ್ಯ: ಊಟದ ತಟ್ಟೆ. ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ರವಾ ಫ್ರೈ, ಸೋಲ್‌ ಕಢಿ.]

ಈಗ ಆರೋಪಿಯ ವಿಚಾರಣೆ. ಬೆಂದ ಅನ್ನ 100 ಗ್ರಾಮಿಗೆ ಸುಮಾರು 130 ಕ್ಯಾಲೊರಿ. 250 ಗ್ರಾಂ ಬಡಿಸಿಕೊಂಡರೆ 325. ಹಸಿ ಕಾಯಿತುರಿ 100 ಗ್ರಾಮಿಗೆ 350ರ ಆಸುಪಾಸು. ಒಬ್ಬರ ಪಾಲಿನ ಸಾರಿಗೆ 30 ಗ್ರಾಂ ಅರೆದರೆ 105, ಅದರಲ್ಲಿನ ಮೀನು ಮತ್ತು ಒಂದು ಚಮಚ ಎಣ್ಣೆ ಸೇರಿ ಸಾರು 260ರ ಹತ್ತಿರ ನಿಲ್ಲುತ್ತದೆ. ಎರಡು ಮಧ್ಯಮ ಗಾತ್ರದ ಬಂಗಡೆಗಳನ್ನು ರವೆ ಹಚ್ಚಿ ಕಾವಲಿಯಲ್ಲಿ ಹುರಿದರೆ, ಹೀರಿಕೊಂಡ ಎಣ್ಣೆಯೂ ಸೇರಿ 300 ಎನ್ನಬಹುದು. ಕಾಯಿಹಾಲು ಹಾಕಿದ ಸೋಲ್‌ ಕಢಿ ಒಂದು ಲೋಟಕ್ಕೆ ಇನ್ನೊಂದು ನೂರು ಸೇರಿಸಿ. ಇಡೀ ಊಟ ಸಾವಿರ ಕ್ಯಾಲೊರಿಯ ಒಳಗೇ ಮುಗಿಯಿತು, ಅದರಲ್ಲಿ ಒಳ್ಳೆಯ ಪ್ರೋಟೀನೂ ಇದೆ. ದಿನಕ್ಕೆ 2100 ವ್ಯಯಿಸುವವರ ಪಾಲಿಗೆ ಇದು ಅಪರಾಧವಲ್ಲ.

ಹಾಗಾದರೆ ಹೆಚ್ಚುವರಿ ಬಂದದ್ದೆಲ್ಲಿಂದ? ಬಹುಪಾಲು, ಯಾರೂ ಊಟವೆಂದು ಎಣಿಸದ ಪದಾರ್ಥಗಳಿಂದ. ಶನಿವಾರ ಸಂಜೆ ಮಾಜಾಳಿ ದಾಟಿ ಗೋವೆಯ ಕಡೆಗೆ ಹೋಗಿ ಬರುವ ಗೆಳೆಯರ ಗುಂಪನ್ನೇ ತೆಗೆದುಕೊಳ್ಳಿ. ಪ್ರೋಟೀನ್ ಮತ್ತು ಪಿಷ್ಟ ಗ್ರಾಮಿಗೆ 4 ಕ್ಯಾಲೊರಿ, ಕೊಬ್ಬು 9 ಕ್ಯಾಲೊರಿ ಕೊಟ್ಟರೆ, ಮದ್ಯಸಾರ 7 ಕೊಡುತ್ತದೆ. 650 ಮಿಲಿಲೀಟರಿನ ಒಂದು ಸಾಮಾನ್ಯ ಬಿಯರ್ ಬಾಟಲಿ ಸುಮಾರು 270, ಸ್ಟ್ರಾಂಗ್ ಆದರೆ ಇನ್ನೂ ಹೆಚ್ಚು. 60 ಮಿಲಿಲೀಟರ್ ವಿಸ್ಕಿ ಸುಮಾರು 140. ಅದರ ಜೊತೆ ಮಾತಿನ ಭರದಲ್ಲಿ ಖಾಲಿಯಾಗುವ 100 ಗ್ರಾಂ ಹುರಿದ ಶೇಂಗಾ ಹತ್ತಿರ ಹತ್ತಿರ 600. ಇವೆಲ್ಲ ಮುಗಿದ ಮೇಲೆ ರಾತ್ರಿಯ ಊಟ ಬೇರೆ. ಕುಡಿಯದವರು ನಿರಾಳವಾಗಬೇಕಿಲ್ಲ: ಸಂಜೆಯ ಒಂದು ದೊಡ್ಡ ಬನ್ಸ್ ಇನ್ನೂರು ದಾಟುತ್ತದೆ, ಮತ್ತು 70 ಕಿಲೋ ತೂಕದವರು ಟಾಗೋರ್ ಕಡಲತೀರದಲ್ಲಿ ಒಂದು ಗಂಟೆ ಚುರುಕಾಗಿ ನಡೆದರೆ ಕರಗುವುದೂ ಹೆಚ್ಚುಕಡಿಮೆ ಅಷ್ಟೇ. ನಡಿಗೆಯನ್ನು ಬಿಡಬೇಡಿ, ಆದರೆ ಅದನ್ನು ಬನ್ಸಿಗೆ ಕೊಟ್ಟ ಮುಂಗಡವೆಂದು ಭಾವಿಸಬೇಡಿ.

ಘಟ್ಟದ ಮೇಲೆ, ಶಿರಸಿಯ ಕಡೆ, ವಾರಾಂತ್ಯವೆಂದರೆ ಮದುವೆ, ಉಪನಯನ, ಗೃಹಪ್ರವೇಶಗಳ ಪಂಕ್ತಿ ಊಟ. ಅಲ್ಲಿನ ಕಷ್ಟ ಒತ್ತಾಯದ್ದು. ತುಪ್ಪ ಹಾಕಿದ ಒಂದು ಹೋಳಿಗೆ 350 ಕ್ಯಾಲೊರಿ ಮುಟ್ಟಬಲ್ಲದು. ಬಡಿಸುವವರು "ಇನ್ನೊಂದು ಅರ್ಧ" ಎನ್ನುತ್ತ ಒಂದನ್ನು ಹಾಕಿ ಮುಂದೆ ಹೋಗುತ್ತಾರೆ. ಆದರೆ ಅದೇ ಎಲೆಯ ಮೇಲೆ ಅಪ್ಪೆಹುಳಿ ಮತ್ತು ತಂಬುಳಿಗಳೂ ಇವೆ. ನೀರಾಗಿರುವ ಅಪ್ಪೆಹುಳಿಯಲ್ಲಿ ಲೆಕ್ಕಕ್ಕೆ ಸಿಗುವ ಕ್ಯಾಲೊರಿಯೇ ಕಡಿಮೆ, ಮತ್ತು ಮಜ್ಜಿಗೆಯ ತಂಬುಳಿಯೂ ಕಾಯಿ ಹೆಚ್ಚು ಅರೆಯದಿದ್ದರೆ ಹಗುರವೇ. ಮೊದಲ ಸುತ್ತಿನಲ್ಲಿ ಅನ್ನವನ್ನು ಕಡಿಮೆ ಹಾಕಿಸಿಕೊಂಡು ಒಂದು ಹೋಳಿಗೆಯನ್ನು ನಿಧಾನವಾಗಿ ತಿನ್ನುವವರು, ಮನೆಯಲ್ಲೇ ಹೊಟ್ಟೆ ತುಂಬಿಸಿಕೊಂಡು ಹೋಗಿ ಕೊನೆಗೆ ಒತ್ತಾಯಕ್ಕೆ ಮಣಿಯುವವರಿಗಿಂತ ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ.

[ತೆರೆಯ ಮೇಲೆ: ಸೋಮವಾರದ ಚೌಕ ಕೆಂಪಾಗುತ್ತದೆ]

ಸೋಮವಾರ ಬೆಳಿಗ್ಗೆ ತೂಕದ ಯಂತ್ರ ಏರಿದವರಿಗೆ ಒಂದೂವರೆ ಕಿಲೋ ಹೆಚ್ಚಾಗಿ ಕಾಣಿಸಿದರೆ ಎದೆ ಧಸಕ್ಕೆನ್ನುತ್ತದೆ. ಎರಡು ದಿನದಲ್ಲಿ ಒಂದೂವರೆ ಕಿಲೋ ಕೊಬ್ಬು ಸೇರಬೇಕಾದರೆ ವ್ಯಯಕ್ಕಿಂತ 11,000ಕ್ಕೂ ಹೆಚ್ಚು ಕ್ಯಾಲೊರಿ ತಿನ್ನಬೇಕಿತ್ತು. ಅದು ಯಾವ ಪಂಕ್ತಿಯಲ್ಲೂ ಸುಲಭವಲ್ಲ. ಹೆಚ್ಚಿದ್ದರಲ್ಲಿ ಬಹುಭಾಗ ನೀರು. ಅನ್ನ ಮತ್ತು ಸಿಹಿಯಿಂದ ಬಂದ ಸಕ್ಕರೆಯ ಅಂಶವನ್ನು ದೇಹವು ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಆಗಿ ಕೂಡಿಡುವಾಗ, ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿಕೊಳ್ಳುತ್ತದೆ. ಉಪ್ಪೂ ನೀರನ್ನು ಹಿಡಿದಿಡುತ್ತದೆ, ಅದು ನಮ್ಮ ಸಾಣಿಕಟ್ಟೆಯದ್ದಾಗಿರಲಿ, ಪೊಟ್ಟಣದ್ದಾಗಿರಲಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ, ಒಣಮೀನು ಮತ್ತು ಉಪ್ಪಿನಕಾಯಿ ಜೊತೆಯಾದ ದಿನ ನಾವು ಆ ಗಡಿಯನ್ನು ಅರಿವಿಲ್ಲದೆ ದಾಟುತ್ತೇವೆ. ಈ ನೀರು ಎರಡು ಮೂರು ದಿನದಲ್ಲಿ ತಾನಾಗಿ ಇಳಿಯುತ್ತದೆ.

ನಿಜವಾದ ಅನಾಹುತ ಶುರುವಾಗುವುದು ಆ ಗಾಬರಿಯಿಂದ. ಹೆದರಿದವರು ಸೋಮವಾರ ಹೆಚ್ಚುಕಡಿಮೆ ಉಪವಾಸವಿರುತ್ತಾರೆ, ಬುಧವಾರ ಸಿಡುಕುತ್ತಾರೆ, ಶುಕ್ರವಾರ ರಾತ್ರಿಯ ಹೊತ್ತಿಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ತಿನ್ನುವ ಸ್ಥಿತಿಗೆ ಬರುತ್ತಾರೆ. ವಾರಾಂತ್ಯದ ಅತಿ ಎಂಬುದು ಅನೇಕರಲ್ಲಿ ವಾರದ ನಡುವಿನ ಅತಿಯ ಬಾಲವಷ್ಟೇ. ಇನ್ನು ಸಂಕಷ್ಟಿ, ಏಕಾದಶಿಗಳ ಉಪವಾಸವನ್ನು ತೂಕ ಇಳಿಸುವ ದಿನವೆಂದು ನಂಬಿದವರು ಸಾಬೂದಾಣೆ ಖಿಚಡಿಯ ತಟ್ಟೆಯನ್ನೂ ಒಮ್ಮೆ ಲೆಕ್ಕ ಹಾಕಬೇಕು: 100 ಗ್ರಾಂ ಒಣ ಸಾಬೂದಾಣೆಯೇ 350ರಷ್ಟು, ಶೇಂಗಾ ಮತ್ತು ಎಣ್ಣೆ ಬೇರೆ.

[ತೆರೆಯ ಮೇಲೆ: ಅದೇ ಏಳು ಚೌಕಗಳು, ಹೊಸ ಅಂಕಿಗಳೊಂದಿಗೆ]

ಆದ್ದರಿಂದ ಲೆಕ್ಕವನ್ನು ದಿನದಿಂದ ವಾರಕ್ಕೆ ಬದಲಿಸೋಣ. ಅದೇ ನೌಕರರಿಗೆ ದಿನಕ್ಕೆ ಸರಾಸರಿ 1750 ಎಂದಿಟ್ಟರೆ ವಾರಕ್ಕೆ 12,250 ಕ್ಯಾಲೊರಿ. ಐದು ದಿನ 1650ರಂತೆ 8250 ಹೋಯಿತು; ಉಳಿದ 4000ದಲ್ಲಿ ಶನಿವಾರಕ್ಕೆ 1750, ರವಿವಾರಕ್ಕೆ 2250. ಸೋಮವಾರದಿಂದ ಶುಕ್ರವಾರದವರೆಗೆ ಮೊದಲಿಗಿಂತ ದಿನಕ್ಕೆ 50 ಹೆಚ್ಚು ತಿಂದರೂ, ರವಿವಾರ ಮೀನೂಟ ಮಾಡಿದರೂ, ವಾರದ ಕೊರತೆ 2450. ಅಂದರೆ ಸುಮಾರು 300 ಗ್ರಾಂ, ತಿಂಗಳಿಗೆ ಒಂದು ಕಿಲೋಗಿಂತ ತುಸು ಹೆಚ್ಚು. ವೇಗ ಸಾಲದೆಂದು ಅನ್ನಿಸುವವರು, 40 ಗ್ರಾಮಿನ ಜೊತೆ ಹೋಲಿಸಿ ನೋಡಲಿ.

ಈ ಹೊಂದಾಣಿಕೆಯಲ್ಲಿ ಒಂದು ಮಿತಿ ಇದೆ. ವಾರದ ದಿನಗಳಿಂದ ಉಳಿಸುವುದು ನೂರು, ನೂರೈವತ್ತು ಕ್ಯಾಲೊರಿ ಮಾತ್ರವಾಗಿರಲಿ. ಚಹಾದ ಎರಡು ಚಮಚ ಸಕ್ಕರೆ, ಒಗ್ಗರಣೆಯ ಅರ್ಧ ಚಮಚ ಎಣ್ಣೆ, ಬಂಗಡೆಯನ್ನು ಹುರಿಯದೆ ಸಾರಿಗೇ ಹಾಕುವುದು, ಇಷ್ಟರಲ್ಲಿಯೇ ಅದು ಸಿಗುತ್ತದೆ. ಬೆಳಗಿನ ಗಂಜಿಯನ್ನು ಕಸಿಯಬೇಕಾಗಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಲ್ಲಿ ಊಟ ಕಡಿಮೆಯಾದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದಾದ್ದರಿಂದ, ಅವರೂ, ಗರ್ಭಿಣಿಯರೂ, ಎದೆಹಾಲು ಉಣಿಸುವವರೂ ವೈದ್ಯರನ್ನು ಕೇಳದೆ ಇದನ್ನು ಆರಂಭಿಸಬಾರದು. ತೂಕ ನೋಡುವುದಿದ್ದರೆ ಪ್ರತಿದಿನ ಬೆಳಿಗ್ಗೆ ನೋಡಿ ವಾರದ ಸರಾಸರಿ ತೆಗೆಯಿರಿ, ಅಷ್ಟು ತಾಳ್ಮೆಯಿಲ್ಲದಿದ್ದರೆ ಶುಕ್ರವಾರ ಬೆಳಿಗ್ಗೆ ಒಮ್ಮೆ ಮಾತ್ರ ನೋಡಿ.

[ದೃಶ್ಯ: ಮತ್ತೆ ಮಾರುಕಟ್ಟೆ]

ಕೊನೆಯದಾಗಿ ನಮ್ಮ ಕರಾವಳಿಯದ್ದೇ ಒಂದು ವಿಷಯ. ಇಲ್ಲಿನ ಅನೇಕ ಮನೆಗಳಲ್ಲಿ ಸೋಮವಾರ ಮೀನು ತಿನ್ನುವುದಿಲ್ಲ. ಹಾಗಾಗಿ ರವಿವಾರ ತಂದು ಮಾಡಿದ್ದೆಲ್ಲವೂ ರವಿವಾರ ರಾತ್ರಿಯೊಳಗೆ ಮುಗಿಯಲೇಬೇಕು, ಹಸಿವಿದ್ದರೂ ಇಲ್ಲದಿದ್ದರೂ ಪಾತ್ರೆ ಖಾಲಿಯಾಗಲೇಬೇಕು. ನಾನು ಮೇಲೆ ಹೇಳಿದ 1300ರಲ್ಲಿ ಒಂದು ದೊಡ್ಡ ಪಾಲು ಈ ರಾತ್ರಿಯ ಎರಡನೇ ಊಟದ್ದು. ಇದಕ್ಕೆ ಅಡುಗೆಮನೆಯಲ್ಲಿ ಪರಿಹಾರ ಹುಡುಕುವುದಕ್ಕಿಂತ ಇಲ್ಲಿ, ಬುಟ್ಟಿಯ ಮುಂದೆ ನಿಂತಾಗಲೇ ಹುಡುಕುವುದು ಸುಲಭ: ಎಂಟು ಬಂಗಡೆ ಕೊಳ್ಳುವ ಮನೆಯವರು ಈ ರವಿವಾರ ಐದನ್ನೇ ಕೊಂಡು, ಮಂಗಳವಾರ ಮತ್ತೊಮ್ಮೆ ಬನ್ನಿ.